‘ರಿಕವರಿ’ ಎಂಬ ಮಾತಿನ ವಿಚಾರ



ಕಳೆದ ಸುಗ್ಗಿಯ ಕಾಲದಲ್ಲಿ ನಾವು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಗ್ರಾಮದ ಸಭೆಯವರನ್ನು ನೋಡುವದಕ್ಕಾಗಿ ಹೋಗಿದ್ದೆವು. ಸಾಯಂಕಾಲ ಅರಳಿಕಟ್ಟೆಯ ಮೇಲೆ ಕೂತಿರಲಾಗಿ ಮೂವರು ಗೃಹಸ್ಥರು ಬಂದು ನಮ್ಮೊಡನೆ ಮಾತಾಡತೊಡಗಿದರು. ಒಬ್ಬನ ತಾಯಿ ಹಾಸನದಲ್ಲಿ ಆಸ್ಪತ್ರೆಯಲ್ಲಿದ್ದಳು. “ಈಗ ರಿಕವರಿ ಆಗ್ತಾ ಇದಾರೆ ಅಂತ ಡಾಕ್ಟರು ಹೇಳಿದರು, ಅಯ್ಯನವರೇ” ಎಂದು ಅವನು ಸಂತೋಷದಿಂದ ಹೇಳಿದನು. ಎರಡನೆಯವನು ಸಹಕಾರ ಸಂಘದಲ್ಲಿ ಬೆಳೆಸಾಲ ಎತ್ತಿದವನು. “ನಮ್ಮ ಮನೆಗೂ ರಿಕವರಿಯವರು ಬಂದಿದ್ದರು” ಎಂದು ಅವನು ತಲೆ ತಗ್ಗಿಸಿದನು. ಮೂರನೆಯವನು ಕಬ್ಬು ಬೆಳೆದವನು. “ಈ ಸಾರಿ ರಿಕವರಿ ಕಡಿಮೆಯಂತೆ” ಎಂದು ನಿಟ್ಟುಸಿರುಬಿಟ್ಟನು. ಒಂದೇ ಮಾತು ಒಬ್ಬನಿಗೆ ಸಂತೋಷವನ್ನೂ ಒಬ್ಬನಿಗೆ ನಾಚಿಕೆಯನ್ನೂ ಒಬ್ಬನಿಗೆ ಚಿಂತೆಯನ್ನೂ ತಂದದ್ದು ನಮಗೆ ಆಶ್ಚರ್ಯವಾಯಿತು.

ಆಗ ಪಕ್ಕದಲ್ಲಿ ನಿಂತಿದ್ದ ಹೈಸ್ಕೂಲಿನ ಹುಡುಗನೊಬ್ಬನು, “ಉಪದೇಶಿಗಳೇ, ‘ಕವರ್’ ಅಂದರೆ ಮುಚ್ಚುವದು, ‘ರಿ’ ಅಂದರೆ ಮತ್ತೊಮ್ಮೆ. ಹಾಗಾದರೆ ‘ರಿಕವರ್’ ಅಂದರೆ ಮತ್ತೆ ಮುಚ್ಚುವದಲ್ಲವೇ? ರೋಗ ವಾಸಿಯಾಗುವದಕ್ಕೆ ಈ ಹೆಸರು ಯಾಕೆ?” ಎಂದು ಕೇಳಿದನು. ನಾವು ಆ ಹೊತ್ತಿಗೆ ಸರಿಯಾದ ಉತ್ತರವನ್ನು ಕೊಡಲಾರದೆ, ಮುಂದಿನ ಸಾರಿ ಬಂದಾಗ ಹೇಳುತ್ತೇವೆಂದು ಮಾತುಕೊಟ್ಟು ಬಂದೆವು. ಆ ಸಾಲವನ್ನು ತೀರಿಸುವದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಹುಡುಗನ ಪ್ರಶ್ನೆ. ಕಿವಿಗೆ ಒಂದೇ ಎಂದು ತೋರುವ ಈ ಎರಡು ಮಾತುಗಳು ಹುಟ್ಟಿನಿಂದ ನಂಟರಲ್ಲ. ಮುಚ್ಚುವದೆಂಬ ಅರ್ಥವುಳ್ಳ ‘ಕವರ್’ ಎಂಬದು ಲ್ಯಾಟಿನ್ ಭಾಷೆಯ ‘ಕೋಓಪೆರೀರೆ’ ಎಂಬ ಮಾತಿನಿಂದ ಬಂದದ್ದು. ‘ರಿಕವರ್’ ಎಂಬದಾದರೋ ಅದೇ ಭಾಷೆಯ ‘ರೆಕುಪೆರಾರೆ’ ಎಂಬ ಬೇರೆ ಮಾತಿನಿಂದ ಬಂದದ್ದು. ಅದರ ಅರ್ಥವು ಕಳೆದುಕೊಂಡದ್ದನ್ನು ತಿರಿಗಿ ಪಡೆಯುವದು ಎಂಬದೇ. ಎರಡೂ ಹಳೆಯ ಫ್ರೆಂಚ್ ಭಾಷೆಯ ದಾರಿಯಾಗಿ ಇಂಗ್ಲಿಷಿಗೆ ಬರುವಾಗ ಸವೆದು ಸವೆದು ಒಂದೇ ರೂಪವನ್ನು ಹೊಂದಿದವು. ಬೇರೆ ಬೇರೆ ಬೆಟ್ಟಗಳಿಂದ ಉರುಳಿಬಂದ ಎರಡು ಕಲ್ಲುಗಳು ಒಂದೇ ಹೊಳೆಯಲ್ಲಿ ನುಣುಪಾಗಿ ಒಂದೇ ತರವಾಗಿ ಕಾಣುವ ಹಾಗೆ.

ಪೂರ್ವಕಾಲದ ರೋಮಿನಲ್ಲಿ, ಒಬ್ಬನ ಸೊತ್ತು ಮತ್ತೊಬ್ಬನ ವಶದಲ್ಲಿದ್ದರೆ ಅದನ್ನು ಹಿಂದಕ್ಕೆ ಕೊಡಿಸುವ ವ್ಯಾಜ್ಯಗಳನ್ನು ತೀರ್ಮಾನಿಸುವದಕ್ಕೆ ಕೆಲವರು ನ್ಯಾಯಕರ್ತರು ಕೂರುತ್ತಿದ್ದರು. ಅವರಿಗೆ ‘ರೆಕುಪೆರಾತೋರೆಸ್’ ಎಂದು ಇದೇ ಮಾತಿನಿಂದಾದ ಹೆಸರು. ಇಂಗ್ಲೆಂಡಿನ ಹಳೆಯ ನ್ಯಾಯಸ್ಥಾನಗಳಲ್ಲಿಯೂ, ಕೈಬಿಟ್ಟ ಭೂಮಿಯನ್ನು ತೀರ್ಪಿನ ಮೂಲಕ ತಿರಿಗಿ ಪಡೆಯುವದಕ್ಕೆ ‘ರಿಕವರಿ’ ಎಂದೇ ಹೇಳುತ್ತಿದ್ದರು. ರೋಗಿಯು ಬಲವನ್ನು ತಿರಿಗಿ ಪಡೆಯುವದಕ್ಕೂ ಈ ಮಾತನ್ನೇ ಉಪಯೋಗಿಸುವ ವಾಡಿಕೆಯು 14ನೆಯ ಶತಮಾನದಷ್ಟು ಹಿಂದಿನಿಂದ ಆ ಭಾಷೆಯಲ್ಲಿ ಉಂಟು. ಆದಕಾರಣ ಸಂಘದವರ ರಿಕವರಿಯೂ ಡಾಕ್ಟರ ರಿಕವರಿಯೂ ಒಂದೇ ಬೇರಿನ ಎರಡು ಕೊಂಬೆಗಳು. ಒಂದರಲ್ಲಿ ಹಣವು ಹಿಂದಕ್ಕೆ ಬರುವದು, ಇನ್ನೊಂದರಲ್ಲಿ ಸೌಖ್ಯವು ಹಿಂದಕ್ಕೆ ಬರುವದು.

ಸಕ್ಕರೆಯ ರಿಕವರಿಯೋ ಅಂದರೆ, ಅದನ್ನು ಶ್ರೀನಿವಾಸಪುರದ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆಯ ಸುತ್ತಿನ ರೈತರಿಗೆ ನಾವು ಕಲಿಸಬೇಕಾದದ್ದಿಲ್ಲ. ನೂರು ಕಿಲೋ ಕಬ್ಬನ್ನು ಅರೆದರೆ ಎಷ್ಟು ಕಿಲೋ ಸಕ್ಕರೆ ದೊರಕುವದೋ ಅದೇ ಲೆಕ್ಕ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರದವರು ಕಬ್ಬಿಗೆ ಕ್ವಿಂಟಾಲಿಗೆ 340 ರೂಪಾಯಿ ದರವನ್ನು ಶೇಕಡ 10.25ರ ರಿಕವರಿಯ ಆಧಾರದ ಮೇಲೆ ಗೊತ್ತುಮಾಡಿದರು. ಇಲ್ಲಿ ತಿಳಿಯತಕ್ಕದ್ದೇನಂದರೆ, ಆ ಸಕ್ಕರೆಯನ್ನು ಗಾಣವು ಹುಟ್ಟಿಸುವದಿಲ್ಲ. ಅದು ಕಬ್ಬಿನ ಒಳಗೇ ಇತ್ತು. ಅರೆಯುವದರಿಂದ ಅದು ಹೊರಗೆ ಬಂತು, ಅಷ್ಟೇ.

ಹೀಗೆ ಮೂರು ರಿಕವರಿಗಳಲ್ಲಿಯೂ ಒಂದು ಸಂಗತಿ ಸಮಾನವಾಗಿದೆ. ಇದ್ದದ್ದು, ಸಲ್ಲತಕ್ಕದ್ದು, ತಿರಿಗಿ ಕೈಗೆ ಬರಬೇಕು. ಬರೀ ಮುಚ್ಚುವದು ರಿಕವರಿಯಲ್ಲ. ಹುಡುಗನು ಅರಿಯದೆ ಕೇಳಿದ ಪ್ರಶ್ನೆಯಲ್ಲಿ ನಮಗೆ ಒಂದು ಎಚ್ಚರಿಕೆ ದೊರಕಿತು. ಯಾಕಂದರೆ ನಾವು ಅನೇಕ ಸಾರಿ ಮುಚ್ಚಿದ್ದನ್ನೇ ವಾಸಿಯಾಯಿತೆಂದು ಎಣಿಸುತ್ತೇವೆ. ಮೇಲೆ ಚರ್ಮ ಮಾದು ಒಳಗೆ ಕೀವು ನಿಂತ ಗಾಯವನ್ನು ಯಾವ ವೈದ್ಯನೂ ಒಪ್ಪುವದಿಲ್ಲ; ಅದನ್ನು ತಿರಿಗಿ ಕೊಯ್ದು ಒಳಗಿನಿಂದ ಮಾಯುವಂತೆ ಮಾಡುತ್ತಾನೆ. ಅಣ್ಣತಮ್ಮಂದಿರ ಜಗಳದಲ್ಲಿ ಹಿರಿಯರು ಬಂದು ಇಬ್ಬರ ಕೈಗಳನ್ನು ಕೂಡಿಸಿ ಹೋಗುತ್ತಾರೆ, ಆದರೆ ಕಿತ್ತುಕೊಂಡ ಎರಡು ಗುಂಟೆ ಹೊಲವು ಕಿತ್ತುಕೊಂಡವನಲ್ಲಿಯೇ ಉಳಿದಿರುತ್ತದೆ. ಇದು ಮುಚ್ಚಿಗೆಯೇ ಹೊರತು ರಿಕವರಿಯಲ್ಲ.

ಇನ್ನು ನಮ್ಮ ಸ್ವಂತ ಭಾಷೆಯು ಈ ವಿಷಯದಲ್ಲಿ ಏನು ಹೇಳುತ್ತದೆಂದು ನೋಡೋಣ. ಇಂಗ್ಲಿಷಿಗಿಂತ ಬಡದೆಂದು ಯಾರೂ ತಿಳಿಯಬಾರದು.

‘ವಾಸಿಯಾಯಿತು’ ಎಂದು ನಾವು ಹೇಳುತ್ತೇವೆ. ‘ಅದಕ್ಕಿಂತ ಇದು ವಾಸಿ’ ಎಂದೂ ಹೇಳುತ್ತೇವೆ. ಆದದರಿಂದ ನಿನ್ನೆಗಿಂತ ಇಂದು ಮೇಲು ಎಂಬ ಹೋಲಿಕೆಯು ಈ ಮಾತಿನಲ್ಲಿ ಅಡಗಿದೆ. ‘ಗುಣವಾಯಿತು’ ಎಂಬಲ್ಲಿ ಸದ್ಗುಣವೆಂಬ ಅದೇ ಗುಣವು ನಿಂತಿದೆ. ‘ಹುಷಾರಾದಳು’ ಎಂಬದು ಪಾರಸಿ ಭಾಷೆಯಿಂದ ಬಂದದ್ದು. ಬುದ್ಧಿ ಎಚ್ಚರವಾಗಿರುವದು ಎಂದು ಅದರ ಅರ್ಥ. ‘ಸ್ವಸ್ಥ’ ಎಂಬದು ಸಂಸ್ಕೃತದ ಮಾತು. ತನ್ನಲ್ಲಿ ತಾನು ನಿಂತವನು ಎಂದು ಅದರ ಭಾವ. ರೋಗದಲ್ಲಿ ಮನುಷ್ಯನು ತನ್ನ ಸ್ಥಳದಿಂದ ಸರಿದವನು. ಸೌಖ್ಯದಲ್ಲಿ ತನ್ನ ಸ್ಥಳಕ್ಕೆ ಬಂದವನು. ‘ಚೇತರಿಸಿಕೊಳ್ಳುವದು’ ಎಂಬದು ಚೇತನವೆಂಬ ಮಾತಿಗೆ ನಂಟುಳ್ಳದ್ದು. ಹೊಳೆನರಸೀಪುರದ ಕಡೆ ಮಳೆ ತಡವಾಗಿ ಬಾಡಿ ಮಲಗಿದ ರಾಗಿಯ ಪೈರು ಒಂದು ರಾತ್ರಿಯ ಮಳೆಗೆ ತಲೆಯೆತ್ತಿದರೆ ರೈತನು ‘ಪೈರು ಚೇತರಿಸಿಕೊಂಡಿತು’ ಅನ್ನುತ್ತಾನೆ. ಹಾಸನದ ಕಡೆ ಆಲೂಗೆಡ್ಡೆಗೆ ಅಂಗಮಾರಿ ಹತ್ತಿ ಗಿಡವು ಕಪ್ಪಾಗಿ ಬಿದ್ದರೆ ಆ ಮಾತನ್ನು ಅವನು ಹೇಳುವದಿಲ್ಲ. ಮಾತಿನ ತೂಕವನ್ನು ಒಕ್ಕಲಿನವನು ಚೆನ್ನಾಗಿ ಬಲ್ಲನು.

ಇವೆಲ್ಲವುಗಳಲ್ಲಿ ನಮಗೆ ಹೆಚ್ಚು ಮೆಚ್ಚಿಕೆಯಾದದ್ದು ‘ಗುಣಮುಖ’ ಎಂಬದು. 2020ರಲ್ಲಿ ಕೊರೋನಾ ವ್ಯಾಧಿಯು ಬಂದಾಗ ಪ್ರತಿದಿನವೂ ಇಷ್ಟು ಮಂದಿ ಗುಣಮುಖರಾದರೆಂಬ ವರದಿಯನ್ನು ನಾವೆಲ್ಲರೂ ಕೇಳುತ್ತಿದ್ದೆವು. ಗುಣದ ಕಡೆಗೆ ಮುಖಮಾಡಿದವನು ಎಂದು ಅದರ ಅರ್ಥ. ಅವನು ಇನ್ನೂ ಊರು ಮುಟ್ಟಿಲ್ಲ, ದಾರಿಯಲ್ಲಿದ್ದಾನೆ. ಆದರೆ ಮುಖವು ಊರಿನ ಕಡೆಗೆ ತಿರುಗಿದೆ. ಕುಡಿತದಿಂದ ಬಿಡಿಸಿಕೊಳ್ಳುತ್ತಿರುವ ಒಬ್ಬನಿಗೆ ಈ ಮಾತು ಎಷ್ಟು ತಕ್ಕದ್ದು! ಅವನು ಹಿಂದಿನ ಬಾಳನ್ನು ತಿರಿಗಿ ಪಡೆಯಲು ಆಶಿಸುವದಿಲ್ಲ, ಯಾಕಂದರೆ ಹಿಂದಿನ ಬಾಳೇ ಅವನ ರೋಗವಾಗಿತ್ತು.

ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ಉತ್ತಮವಾಗುವದೆಂದರೆ ಮೊದಲಿನ ಹಾಗೆ ಆಗುವದೋ? ಹಾಗಾದರೆ ಮೊದಲಿನ ಹಾಗೆ ಎಂದಿಗೂ ಆಗಲಾರದವರ ಗತಿಯೇನು? ಸಕ್ಕರೆ ವ್ಯಾಧಿಯಿಂದ ಕಾಲು ತೆಗೆಯಿಸಿಕೊಂಡವನಿಗೆ ಆ ಕಾಲು ತಿರಿಗಿ ಬರುವದಿಲ್ಲ. ಕೂಸನ್ನು ಕಳೆದುಕೊಂಡ ತಾಯಿಗೆ ಆ ಕೂಸು ತಿರಿಗಿ ಬರುವದಿಲ್ಲ.

ಗೊರೂರಿನ ಕಡೆಗೆ ಹೋದವರು ಶೆಟ್ಟಿಹಳ್ಳಿಯ ಪಾಳುದೇವಾಲಯವನ್ನು ನೋಡಿರಬಹುದು. ಅದನ್ನು 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದರು. 1979ರಲ್ಲಿ ಹೇಮಾವತಿಯ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಊರಿನವರು ಬೇರೆ ಕಡೆಗಳಲ್ಲಿ ನೆಲೆಸಬೇಕಾಯಿತು. ಮಳೆಗಾಲದಲ್ಲಿ ನೀರು ಗೋಡೆಗಳ ಅರ್ಧದ ವರೆಗೆ ಏರುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ನೆಲವು ಕಾಣುತ್ತದೆ. ಹೀಗೆ ವರುಷವರುಷವೂ ನೆಲವು ತಿರಿಗಿ ತೋರಿದರೂ ಊರು ತಿರಿಗಿ ಬರಲಿಲ್ಲ. ಅದೇ ಅಣೆಕಟ್ಟಿನ ನೀರಿನಿಂದ ಎಷ್ಟೋ ಗದ್ದೆಗಳು ಹಸುರಾದವೆಂಬದು ಸತ್ಯವೇ. ಆದರೆ ಅದರಿಂದ ಬಿಟ್ಟುಹೋದವರ ಅಂಗಳವು ಅವರಿಗೆ ದೊರಕಿದಂತಾಗುವದಿಲ್ಲ. ಹಾಗಾದರೆ ಅಂಥವರಿಗೆ ರಿಕವರಿ ಎಂಬದೇ ಇಲ್ಲವೋ?

ನಾವು ಇದನ್ನು ಬಹಳವಾಗಿ ಆಲೋಚಿಸಿದೆವು. ನಮಗೆ ತೋರಿದ್ದೇನಂದರೆ, ಮನುಷ್ಯನು ಕಳೆದುಕೊಳ್ಳುವದರಲ್ಲಿ ಎರಡು ಪಾಲು ಉಂಟು. ಒಂದು ದೇಹಕ್ಕೆ ಸೇರಿದ್ದು: ಬಲ, ಅಂಗ, ಉಸಿರು. ಮತ್ತೊಂದು ಜನರ ನಡುವೆ ಅವನಿಗಿದ್ದ ಸ್ಥಳ: ಪಂಕ್ತಿಯಲ್ಲಿ ಎಲೆ, ಕೂಲಿಯ ಕರೆ, ಮದುವೆಯ ಕಾಗದ, ಜಗಲಿಯ ಮೇಲೆ ಕೂರುವ ಜಾಗ. ಮೊದಲನೆಯ ಪಾಲು ಹಿಂದಕ್ಕೆ ಬರುವದೋ ಇಲ್ಲವೋ ಎಂಬದು ವೈದ್ಯನ ಕೈಯಲ್ಲಿಯೂ ದೇವರ ಚಿತ್ತದಲ್ಲಿಯೂ ಇದೆ. ಎರಡನೆಯ ಪಾಲು ಯಾರ ಕೈಯಲ್ಲಿದೆ? ಅದು ನಮ್ಮ ಕೈಯಲ್ಲಿದೆ. ಕಾಲು ಹೋದವನಿಗೆ ಕಾಲನ್ನು ಕೊಡಲು ನಮ್ಮಿಂದಾಗದು. ಅವನ ಜಾಗವನ್ನು ಕೊಡಲು ಆಗುವದು.

ಈ ಭೇದವನ್ನು ಲೂಕನ ಸುವಾರ್ತೆಯ 17ನೆಯ ಅಧ್ಯಾಯವು ಬಹು ಸೂಕ್ಷ್ಮವಾಗಿ ತೋರಿಸುತ್ತದೆ. ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲಿ ನಿಂತು ಕೂಗಿದರೆಂದೂ, ಯಾಜಕರಿಗೆ ಮೈತೋರಿಸಿಕೊಳ್ಳಲು ಕರ್ತನು ಅವರನ್ನು ಕಳುಹಿಸಿದನೆಂದೂ ನಾವೆಲ್ಲರೂ ಬಲ್ಲೆವು. ಗ್ರೀಕ್ ಮೂಲದಲ್ಲಿ ಆ ಸಣ್ಣ ವೃತ್ತಾಂತದೊಳಗೆ ಮೂರು ಬೇರೆ ಬೇರೆ ಮಾತುಗಳಿವೆ. ಹತ್ತು ಮಂದಿಯೂ ಶುದ್ಧರಾದರೆಂಬದಕ್ಕೆ ಒಂದು, ಒಬ್ಬನು ತಾನು ಗುಣವಾದದ್ದನ್ನು ಕಂಡನೆಂಬದಕ್ಕೆ ಒಂದು, ಹಿಂದಿರುಗಿದ ಆ ಸಮಾರ್ಯದವನಿಗೆ ಕಡೆಯಲ್ಲಿ ಹೇಳಲ್ಪಟ್ಟದ್ದು ಇನ್ನೊಂದು; ಈ ಕಡೆಯ ಮಾತಿಗೆ ಸ್ವಸ್ಥಮಾಡುವದೆಂದೂ ರಕ್ಷಿಸುವದೆಂದೂ ಎರಡರ್ಥ. ಯಾಜಕರ ಬಳಿಗೆ ಕಳುಹಿಸಿದ್ದು ಯಾಕೆ? ಯಾಜಕಕಾಂಡದ 14ನೆಯ ಅಧ್ಯಾಯದ ಪ್ರಕಾರ, ವಾಸಿಯಾದವನನ್ನು ಯಾಜಕನು ಪರೀಕ್ಷಿಸಿ ಶುದ್ಧನೆಂದು ಹೇಳಿದ ಮೇಲೆಯೇ ಅವನು ಪಾಳೆಯದೊಳಕ್ಕೆ ಬರಬಹುದಾಗಿತ್ತು. ಚರ್ಮವು ಶುದ್ಧವಾದರೆ ಸಾಲದು. ಊರಿನ ಬಾಗಿಲು ತೆರೆಯಬೇಕು. ಆ ಬಾಗಿಲನ್ನು ತೆರೆಯುವದು ಯಾಜಕನ ದಯೆಯಲ್ಲ, ಅವನ ಕರ್ತವ್ಯ.

ಈ ಕರ್ತವ್ಯದಲ್ಲಿ ನಮ್ಮ ಕಾಲದವರು ಎಷ್ಟು ಹಿಂದುಳಿದರೆಂಬದಕ್ಕೆ ಅದೇ ರೋಗವು ಸಾಕ್ಷಿ. ಕುಷ್ಠಕ್ಕೆ ಕಾರಣವಾದ ಅಣುಜೀವಿಯನ್ನು ನಾರ್ವೆ ದೇಶದ ಹ್ಯಾನ್ಸನ್ ಎಂಬ ವೈದ್ಯನು 1873ರಲ್ಲಿ ಕಂಡುಹಿಡಿದನು. 1982ರಿಂದ ಹಲವು ಮದ್ದುಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ಲೋಕಾರೋಗ್ಯ ಸಂಸ್ಥೆಯವರು ಆಚರಣೆಗೆ ತಂದರು. ರೋಗದ ಬಗೆಯನ್ನು ನೋಡಿ ಆರು ತಿಂಗಳು ಇಲ್ಲವೆ ಹನ್ನೆರಡು ತಿಂಗಳು ಮದ್ದು ತೆಗೆದುಕೊಂಡರೆ ಕುಷ್ಠವು ವಾಸಿಯಾಗುವದು. ಹೀಗಿದ್ದರೂ, ನಮ್ಮ ಕ್ರೈಸ್ತ ವಿವಾಹಗಳಿಗೆ ಸಂಬಂಧಪಟ್ಟ 1869ರ ವಿಚ್ಛೇದನ ಕಾಯಿದೆಯನ್ನು 2001ರಲ್ಲಿ ತಿದ್ದಿದಾಗ, ವಾಸಿಯಾಗದ ಕುಷ್ಠವನ್ನು ಗಂಡಹೆಂಡರು ಅಗಲುವದಕ್ಕೆ ಒಂದು ಕಾರಣವೆಂದು ಅದರಲ್ಲಿ ಬರೆಯಲಾಯಿತು. ವಾಸಿಮಾಡುವ ಮದ್ದು ಬಂದು ಹತ್ತೊಂಬತ್ತು ವರುಷಗಳಾದ ಮೇಲೆ! ಆ ಮಾತನ್ನು ಕಾಯಿದೆಯಿಂದ ತೆಗೆದುಹಾಕಿದ್ದು 2019ರಲ್ಲಿ. ಹಿಂದೂಗಳ ಮತ್ತು ಮುಸಲ್ಮಾನರ ಕಾಯಿದೆಗಳಿಂದಲೂ ಅದೇ ವರುಷ ಅದು ತೆಗೆಯಲ್ಪಟ್ಟಿತು. ದೇಹವು ಒಂದು ವರುಷದಲ್ಲಿ ಹಿಂದಕ್ಕೆ ಕೊಟ್ಟದ್ದನ್ನು ಮನುಷ್ಯರ ಬರಹವು ಎಷ್ಟು ತಡಮಾಡಿ ಕೊಟ್ಟಿತು!

ಕಾಯಿದೆಯವರನ್ನು ದೂರುವದು ಸುಲಭ. ಆದರೆ ನಾವು ನಮ್ಮ ಸ್ವಂತ ತಪ್ಪನ್ನು ಇಲ್ಲಿ ಮುಚ್ಚಿಡಲಾರೆವು. ಮುಚ್ಚುವದು ರಿಕವರಿಯಲ್ಲವೆಂದು ಈಗ ತಾನೇ ಬರೆದೆವಷ್ಟೆ.

ಅರಕಲಗೂಡಿನ ಕಡೆಯ ಒಂದು ಸಭೆಯಲ್ಲಿ ಗಾರೆ ಕೆಲಸದ ಒಬ್ಬ ಯೌವನಸ್ಥನು ಕ್ಷಯರೋಗದಲ್ಲಿ ಬಿದ್ದನು. ಆರು ತಿಂಗಳು ತಪ್ಪದೆ ಮಾತ್ರೆಗಳನ್ನು ನುಂಗಿದನು. ಕಫವನ್ನು ಪರೀಕ್ಷಿಸಿ ರೋಗವಿಲ್ಲವೆಂದು ಆಸ್ಪತ್ರೆಯವರು ಬರೆದುಕೊಟ್ಟ ಚೀಟಿಯನ್ನು ತಂದು ನಮಗೆ ತೋರಿಸಿದನು. ನಾವು ಕೃತಜ್ಞತೆಯ ಪ್ರಾರ್ಥನೆಯನ್ನು ಮಾಡಿದೆವು. ಅದೇ ತಿಂಗಳಲ್ಲಿ ಸುಗ್ಗಿಹಬ್ಬದ ಆರಾಧನೆಯಾದ ಮೇಲೆ ಎಲ್ಲರಿಗೂ ಸ್ಟೀಲಿನ ಲೋಟಗಳಲ್ಲಿ ಕಾಫಿಯನ್ನು ಕೊಡುತ್ತಿದ್ದರು. ಆ ಯೌವನಸ್ಥನ ಸರದಿ ಬಂದಾಗ ನಾವು ಕಾಫಿ ಹಂಚುತ್ತಿದ್ದ ಹುಡುಗಿಗೆ, “ಅವನಿಗೆ ಕಾಗದದ ಲೋಟದಲ್ಲಿ ಕೊಡಮ್ಮಾ” ಎಂದು ಮೆಲ್ಲಗೆ ಹೇಳಿದೆವು. ಮೆಲ್ಲಗೆ ಹೇಳಿದ್ದು ಅವನಿಗೆ ಕೇಳಿಸಿತು. ಅವನು ಆ ಲೋಟವನ್ನು ನೋಡಿ, “ಬೇಡಿ ಅಯ್ಯನವರೇ, ನನಗೆ ಕಾಫಿ ಅಭ್ಯಾಸವಿಲ್ಲ” ಎಂದನು. ಅಭ್ಯಾಸವಿತ್ತೆಂಬದನ್ನು ನಾವು ಬಲ್ಲೆವು. ಅವನ ಮನೆಯಲ್ಲಿ ಎಷ್ಟೋ ಸಾರಿ ಅವನೊಡನೆ ಕೂತು ಕುಡಿದಿದ್ದೆವು.

ಅವನ ಅಜ್ಜಿಯು ಅಲ್ಲೇ ಇದ್ದಳು. ಜನರೆಲ್ಲರೂ ಹೋದ ಮೇಲೆ ಆಕೆ ನಮ್ಮ ಬಳಿಗೆ ಬಂದು, “ಅಯ್ಯನವರೇ, ನಮ್ಮ ಕಾಲದಲ್ಲಿ ಹೋಟ್ಲಿನ ಗೋಡೆಯ ಹೊರಗೆ ನಮ್ಮ ಲೋಟ ಬೇರೆ ಇರ್ತಿತ್ತು. ನಾವೇ ತೊಳೆದು ನಾವೇ ಇಡಬೇಕಾಗಿತ್ತು. ಈ ಗುಡಿಗೆ ನಮ್ಮಪ್ಪ ಬಂದದ್ದು ಇಲ್ಲಿ ಲೋಟ ಒಂದೇ ಅಂತ” ಎಂದಳು. ಹೆಚ್ಚೇನೂ ಹೇಳಲಿಲ್ಲ. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಸೆಮಿನರಿಯಲ್ಲಿ ನಾವು ಪಾಪದ ವಿಷಯವಾಗಿ ಓದಿದ ದಪ್ಪ ಪುಸ್ತಕಗಳಲ್ಲಿ ಕಲಿಯದ್ದನ್ನು ಆ ಮಾತಿನಿಂದ ಕಲಿತೆವು. ಕ್ಷಯವು ಕೆಮ್ಮುವಾಗ ಗಾಳಿಯ ಮೂಲಕ ಹರಡುವದೇ ಹೊರತು ಲೋಟದಿಂದಲ್ಲವೆಂಬದೂ, ಸರಿಯಾಗಿ ಮದ್ದು ತೆಗೆದುಕೊಳ್ಳುವವನು ಸಾಮಾನ್ಯವಾಗಿ ಕೆಲವು ವಾರಗಳಲ್ಲೇ ಇತರರಿಗೆ ಅದನ್ನು ಅಂಟಿಸದವನಾಗುವನೆಂಬದೂ ನಮಗೆ ತಿಳಿದಿತ್ತು. ತಿಳಿದಿದ್ದೂ ಹೆದರಿದೆವು, ಹೆದರಿದ್ದಕ್ಕೆ ಜಾಗ್ರತೆಯೆಂಬ ಹೆಸರನ್ನಿಟ್ಟೆವು.

ಜಾಗ್ರತೆಯು ಬೇಡವೋ ಎಂದು ಯಾರಾದರೂ ಕೇಳಬಹುದು. ಬೇಕು. ರೋಗವಿರುವಾಗ ರೋಗಿಯು ಬಾಯಿಗೆ ಬಟ್ಟೆ ಕಟ್ಟುವದೂ, ಗಾಳಿಯಾಡುವ ಕೋಣೆಯಲ್ಲಿ ಮಲಗುವದೂ, ಮನೆಯ ಮಕ್ಕಳನ್ನು ಪರೀಕ್ಷಿಸುವದೂ ನ್ಯಾಯವೇ. ಯಾಜಕಕಾಂಡದಲ್ಲಿಯೂ ಕಾಯುವ ದಿನಗಳುಂಟು. ಆದರೆ ಆ ದಿನಗಳಿಗೆ ಲೆಕ್ಕವುಂಟು, ಕೊನೆಯುಂಟು. ಕೊನೆಯಿಲ್ಲದ ಜಾಗ್ರತೆಯು ಜಾಗ್ರತೆಯಲ್ಲ; ಅದು ಪರರ ಸೊತ್ತನ್ನು ಹಿಡಿದಿಟ್ಟುಕೊಳ್ಳುವದು. ಕುಡಿತವನ್ನು ಬಿಟ್ಟವನ ವಿಷಯದಲ್ಲಾದರೋ ಮನೆಯವರು ಒಮ್ಮೆಗೇ ಹಣದ ಪೆಟ್ಟಿಗೆಯ ಬೀಗದಕೈಯನ್ನು ಕೊಡಲಾರರು. ಅವರು ಬಹಳ ಸಾರಿ ಮೋಸಹೋದವರು. ಅಂಥಲ್ಲಿ ನಂಬಿಕೆಯನ್ನು ಕಂತುಕಂತಾಗಿ ಕೊಡಲಿ. ಮೊದಲು ಸಂತೆಯ ದುಡ್ಡು, ಆಮೇಲೆ ಹಾಲಿನ ಲೆಕ್ಕ. ಆದರೆ ಮೊದಲನೆಯ ಕಂತನ್ನು ಕೊಡದವನು ಸಾಲವನ್ನು ತೀರಿಸುವ ಮನಸ್ಸುಳ್ಳವನೆಂದು ಹೇಗೆ ಹೇಳೋಣ?

ಇಲ್ಲಿಗೆ ನಮ್ಮ ಮಾತು ಮೊದಲಿದ್ದಲ್ಲಿಗೆ ಬಂತು. ರಿಕವರಿ ಎಂಬದು ನ್ಯಾಯಸ್ಥಾನದ ಮಾತೆಂದು ಹೇಳಿದೆವು. ನ್ಯಾಯಸ್ಥಾನದಲ್ಲಿ ಇಬ್ಬರು ಇರುತ್ತಾರೆ: ಕಳೆದುಕೊಂಡವನೊಬ್ಬನು, ಹಿಂದಕ್ಕೆ ಕೊಡಬೇಕಾದವನೊಬ್ಬನು. ಒಬ್ಬನು ರೋಗದಿಂದೆದ್ದು ಬಂದಾಗ, “ಪಾಪ, ಅವನು ಇನ್ನೂ ರಿಕವರಿ ಆಗಿಲ್ಲ” ಎಂದು ನಾವು ಅವನ ಮೇಲೆಯೇ ಹೇಳುತ್ತೇವೆ. ಎಷ್ಟೋ ಸಾರಿ ಅವನ ಪಾಲಿನದು ಮುಗಿದಿರುತ್ತದೆ. ಬಾಕಿ ಇರುವದು ನಮ್ಮಲ್ಲಿ. ಅವನ ಜಾಗವು ನಮ್ಮ ವಶದಲ್ಲಿದೆ, ನಾವು ಕೊಟ್ಟಿಲ್ಲ. ಸಂಘದವರು ಮನೆಗೆ ಬಂದರೆ ನಾಚುವ ನಾವು ಈ ಬಾಕಿಗೆ ನಾಚುವದಿಲ್ಲ. ಯಾಕಂದರೆ ಇದನ್ನು ಕೇಳುವದಕ್ಕೆ ಯಾರೂ ಚೀಟಿ ಹಿಡಿದು ಬರುವದಿಲ್ಲ. ಸಾಲಗಾರನು ಬಾಗಿಲ ಹತ್ತಿರ ಕೂರಬೇಕಾಗಿರಲು, ಸಾಲಕೊಟ್ಟವನು ಅಲ್ಲಿ ಕೂತಿರುತ್ತಾನೆ.

ಆದಕಾರಣ, ಪ್ರಿಯರೇ, ನಿಮ್ಮ ಗ್ರಾಮದಲ್ಲಿ ಯಾರಾದರೂ ಆಸ್ಪತ್ರೆಯಿಂದಾಗಲಿ, ಸೆರೆಮನೆಯಿಂದಾಗಲಿ, ಕುಡಿತದಿಂದಾಗಲಿ, ಬಹುದಿನದ ದುಃಖದಿಂದಾಗಲಿ ಎದ್ದು ಬಂದರೆ, ‘ಹೇಗಿದ್ದೀಯಪ್ಪಾ’ ಎಂದು ಕೇಳಿ ಸುಮ್ಮನಾಗಬೇಡಿರಿ. ನಮ್ಮಲ್ಲಿ ಇವನದು ಏನಿದೆ ಎಂದು ಲೆಕ್ಕಹಾಕಿರಿ. ಅವನು ಕೂರುತ್ತಿದ್ದ ಜಾಗವಿದೆಯೋ, ಕರೆಯದೆ ಬಿಟ್ಟ ಕೆಲಸವಿದೆಯೋ, ಮಗಳ ಮದುವೆಗೆ ಹೇಳದೆ ಬಿಟ್ಟದ್ದಿದೆಯೋ ನೋಡಿರಿ. ಇದ್ದದ್ದನ್ನು ಕೊಟ್ಟುಬಿಡಿರಿ. ಉಪಕಾರವೆಂದು ಕೊಡಬೇಡಿರಿ, ಅವನದೆಂದು ಕೊಡಿರಿ.

ನಾವು ಆ ಯೌವನಸ್ಥನ ಮನೆಗೆ ಮೂರು ಸಾರಿ ಹೋಗಿ ಬಂದೆವು. ಕ್ಷಮೆಯನ್ನು ಬೇಡಿದೆವು. ಅವನ ಅಜ್ಜಿ ಕೊಟ್ಟ ಕಾಫಿಯನ್ನು ಅವನೊಡನೆ ಕುಡಿದೆವು. ಅವನು ನಗುತ್ತಾ ಮಾತಾಡಿದನು. ಆದರೂ ಆರಾಧನೆಗೆ ಬಂದಾಗ ಅವನು ಈಗಲೂ ಬಾಗಿಲ ಹತ್ತಿರವೇ ಕೂರುತ್ತಾನೆ, ಕಾಫಿ ತರುವ ಮುಂಚೆ ಎದ್ದುಹೋಗುತ್ತಾನೆ. ನಮ್ಮ ಬಾಕಿಯು ಇನ್ನೂ ತೀರಿಲ್ಲ. ಮುಂದಿನ ಸುಗ್ಗಿಹಬ್ಬದಲ್ಲಿ ಕಾಫಿ ಹಂಚುವ ಕೆಲಸವನ್ನು ಅವನೇ ಮಾಡಲೆಂದು ಸಭೆಯ ಹಿರಿಯರು ಒಮ್ಮನಸ್ಸಿನಿಂದ ಗೊತ್ತುಮಾಡಿದ್ದಾರೆ. ಅವನು ಒಪ್ಪುವನೋ ಇಲ್ಲವೋ ತಿಳಿಯದು. ಒಪ್ಪಿದರೆ, ಅವನ ಕೈಯಿಂದ ಮೊದಲನೆಯ ಲೋಟವನ್ನು ನಾವು ತೆಗೆದುಕೊಳ್ಳುವೆವು.